ಕಾಫಿ ಕಣದಲ್ಲಿ ಅವ್ವನ ಸರ್ವಿಸ್

ಬೆಳಗೋಡಿನ ರಾಜೇಶ್ ಆ ಸಂಜೆ ಒಂದು ಐತಿಹಾಸಿಕ ತೀರ್ಮಾನ ಮಾಡಿದ: ಮನೆಯ ಹೆಂಗಸರನ್ನು ಕಾಫಿ ಕಣದಿಂದ ಅಡುಗೆಮನೆಗೆ ವಾಪಸ್ ಕರೆತರುವುದು. ಕಾಲೇಜಿನಲ್ಲಿ ಶಟಲ್ ಆಡಿ ಸ್ಟೀಲ್ ಡಬ್ಬಿ ಬಹುಮಾನ ಗೆದ್ದವನಿಗೆ ಇದೇನು ಮಹಾ!

ಅವನ ಸಂಕಟಕ್ಕೆ ಕಾರಣವಿತ್ತು. ಕಣದಲ್ಲಿ ಒಣಹಾಕಿದ ಕಾಫಿಯನ್ನು ಇಬ್ಬನಿ ಬೀಳುವ ಮುಂಚೆ ಗೋರಿ, ರಾಶಿ ಮಾಡಿ, ಟಾರ್ಪಾಲು ಹೊದಿಸಿದ್ದೇ ತಡ, ಹೆಂಡತಿ ಶಾಲಿನಿ, ಪಕ್ಕದ ಮನೆಯ ಹುಸ್ನಾ, ಕೊನೆಗೆ ಅವನ ಅವ್ವ ಚೌಡಮ್ಮನೂ ಸೇರಿ ಕಾಫಿ ನರ್ಸರಿಯ ಹಸಿರು ಬಲೆ ಕಟ್ಟಿ ಶಟಲ್ ಬ್ಯಾಟು ಹಿಡಿಯುತ್ತಿದ್ದರು. ತೋಟದ ಕೆಲಸಕ್ಕೆ ಬಂದ ಹೆಂಗಸರೂ ಸರದಿಯಲ್ಲಿ ನಿಲ್ಲುತ್ತಿದ್ದರು. ಬೇಲಿಯಾಚೆ ತಲೆ ತಗ್ಗಿಸಿ ಓಡಾಡುತ್ತಿದ್ದ ಹುಸ್ನಾ ಈಗ ಊರಿಗೆಲ್ಲ ಕೇಳುವಂತೆ ಪಾಯಿಂಟು ಕೂಗುತ್ತಿದ್ದಳು. ರಾಜೇಶನ ಸಂಜೆಯ ಕಾಫಿಗೆ ಮಾತ್ರ ಗತಿಯಿರಲಿಲ್ಲ.

"ನನ್ ಜೊತೆ ಒಂದ್ ಗೇಮ್ ಆಡಿ. ನಾನ್ ಗೆದ್ರೆ ನಾಳೆಯಿಂದ ಬಲೆ ಬಿಚ್ಬೇಕು," ಎಂದು ಸವಾಲೆಸೆದ.

"ಸೋತ್ರೆ?" ಶಾಲಿನಿ ಕೇಳಿದಳು.

"ದಿನಾ ಸಂಜೆ ನಿಮ್ಗೆಲ್ಲ ನಾನೇ ಕಾಫಿ ಕಾಯ್ಸ್ತೀನಿ. ಯಾರ್ನ ಬೇಕಾದ್ರೂ ಕಳ್ಸು."

"ಅತ್ತೆ, ನೀವೇ ಹೋಗಿ," ಎಂದಳು ಶಾಲಿನಿ.

ಅವ್ವ ಸೆರಗು ಸಿಕ್ಕಿಸಿ ಬಂದು ನಿಂತಳು. ಪಾಪ, ಹೆತ್ತವಳು, ಮೆಲ್ಲಗೆ ಹೊಡೆಯೋಣ ಎಂದು ರಾಜೇಶ್ ಕರುಣೆ ತಾಳಿದ. ಅವ್ವನಿಗೆ ಅಂಥ ಕರುಣೆಯೇನೂ ಇರಲಿಲ್ಲ. ನಿಂತಲ್ಲೇ ನಿಂತು ಶಟಲನ್ನು ಒಮ್ಮೆ ಆ ಮೂಲೆಗೆ, ಇನ್ನೊಮ್ಮೆ ಈ ಮೂಲೆಗೆ ತಟ್ಟಿದಳು. ಮಗ ನಾಯಿ ಅಟ್ಟಿದ ಕೋಳಿಯ ಹಾಗೆ ಓಡಿದ. ಕೊನೆಯ ಪಾಯಿಂಟಿಗೆ ಆಕಾಶ ನೋಡುತ್ತ, ಹಿಂದೆ ಹಿಂದೆ ಸರಿಯುತ್ತ, ಟಾರ್ಪಾಲಿನ ಸಮೇತ ಕಾಫಿ ರಾಶಿಯೊಳಕ್ಕೆ ಮಗುಚಿಕೊಂಡ. ರಾಶಿ ಕುಸಿದು ಕಣದ ತುಂಬ ಹರಡಿತು.

"ಗೇಮ್ ಮುಗೀತು ಕಣೋ. ಏಳು, ಇಬ್ಬನಿ ಬೀಳ್ತೈತೆ, ರಾಶಿ ಗೋರು," ಎಂದಳು ಅವ್ವ. ಅಪ್ಪನ ಕಾಲದಲ್ಲಿ ಒಂದು ದಿನವೂ ದನಿ ಎತ್ತಿದವಳಲ್ಲ. ರಾಜೇಶನಿಗೆ ಅವಮಾನವಾಯಿತು. ಜೊತೆಗೆ, ಬಾಯಿಬಿಟ್ಟು ಹೇಳಲಾರ, ಹೆಮ್ಮೆಯೂ ಆಯಿತು.

ಕೊಟ್ಟ ಮಾತಿಗೆ ತಪ್ಪುವಂತಿಲ್ಲ. ಎಕರೆಗಟ್ಟಲೆ ಕಾಫಿ ಬೆಳೆದ ವೀರ ಮರುದಿನ ಸಂಜೆ ಜೀವಮಾನದಲ್ಲೇ ಮೊದಲ ಬಾರಿಗೆ ಒಲೆಯ ಮುಂದೆ ನಿಂತು ಬೆವರಿ, ತಟ್ಟೆ ತುಂಬ ಲೋಟ ಜೋಡಿಸಿಕೊಂಡು ಕಣಕ್ಕೆ ಬಂದ. ಎಲ್ಲರೂ ಆಟ ನಿಲ್ಲಿಸಿದರು. ಹುಸ್ನಾ ಒಂದು ಗುಟುಕು ಕುಡಿದಳು. ಲೋಟದೊಳಗೆ ಒಮ್ಮೆ ಇಣುಕಿದಳು. ಆಮೇಲೆ ತನ್ನ ಕೈಯಲ್ಲಿದ್ದ ಬ್ಯಾಟನ್ನು ಅವನ ಕೈಗೆ ಕೊಟ್ಟಳು.

"ಬೇಜಾರ್ ಮಾಡ್ಕೋಬೇಡಿ ರಾಜೇಶಣ್ಣ. ಇದಕ್ಕಿಂತ ನೀವು ಶಟಲ್ಲೇ ಚೆನ್ನಾಗ್ ಆಡ್ತೀರ."