ಹನುಮಮ್ಮನ ತೊಂಬತ್ತು ದಿನದ ವಿಶ್ರಾಂತಿ

ತೊಂಬತ್ತು ದಿನ! ಸೂರ್ಯ ಪಡುವಣದಲ್ಲಿ ಹುಟ್ಟಿದರೂ ಸರಿ, ಅಡುಗೆಮನೆಗೆ ಕಾಲಿಡುವುದಿಲ್ಲ ಎಂದು ಜಾವಗಲ್ಲಿನ ಹನುಮಮ್ಮ ಶಪಥ ಮಾಡಿದಳು. ಮಾಡದೆ ಏನು? ನಾಲ್ಕು ವರ್ಷದ ಹಿಂದೆ ಗಂಡ ಉಗ್ರಪ್ಪನಿಗೆ ಬೈಪಾಸ್ ಆದಾಗ ಆತ ಮೂರು ತಿಂಗಳು ಮಹಾರಾಜನಂತೆ ಮಲಗಿದ್ದ. ನೀರು ಬೇಕಾದರೆ ಲೋಟಕ್ಕೆ ಚಮಚ ಬಡಿಯುತ್ತಿದ್ದ. ಈಗ ಬೈಪಾಸ್ ಅವಳದು, ಸರದಿಯೂ ಅವಳದೇ!

ಉಗ್ರಪ್ಪ ಸೊಂಟಕ್ಕೆ ಟವೆಲು ಬಿಗಿದು ಅಡುಗೆಗೆ ಇಳಿದ. ನೋಡಲು ಬಂದವರು ಮೂಸಂಬಿಯನ್ನು ಹನುಮಮ್ಮನ ದಿಂಬಿನ ಪಕ್ಕ ಇಟ್ಟು, ಮರುಕವನ್ನೆಲ್ಲ ಉಗ್ರಪ್ಪನ ಮೇಲೆ ಸುರಿದು ಹೋದರು. "ಪಾಪ, ಗಂಡಸಾಗಿ ಒಲೆ ಮುಂದೆ ನಿಂತವ್ರಲ್ಲ!" ಅವನೋ, ಅಂಗಿಯ ಗುಂಡಿ ಬಿಚ್ಚಿ ತನ್ನ ಹಳೇ ಗಾಯದ ಗೆರೆ ತೋರಿಸುತ್ತಿದ್ದ. ಹನುಮಮ್ಮ ತನ್ನ ಹೊಸ ಗಾಯದ ಮೇಲೆ ಸೆರಗು ಎಳೆದುಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಹದಿನೆಂಟನೆಯ ದಿನ ಹಳೇಬೀಡಿನಿಂದ ನಾದಿನಿ ದೇವೀರಮ್ಮ ಬಂದಳು. ಉಗ್ರಪ್ಪ ಕುದಿಯುವ ನೀರಿಗೆ ರಾಗಿಹಿಟ್ಟು ಸುರಿದು, ಕೋಲಿನಲ್ಲಿ ನಾಲ್ಕು ಸುತ್ತು ತಿರುವಿ, ತಂಗಿಗೆ ಗಾಯ ತೋರಿಸಲು ಜಗುಲಿಗೆ ಓಡಿದ. ತಪ್ಪಲೆಯ ಸದ್ದು ಕೇಳಿಯೇ ಹನುಮಮ್ಮನಿಗೆ ತಿಳಿಯಿತು: ಹಿಟ್ಟು ಗಂಟಾಗುತ್ತಿದೆ! ನಾದಿನಿಯ ತಟ್ಟೆಗೆ ಗಂಟು ಮುದ್ದೆಯೇ? ಇಡೀ ಹಳೇಬೀಡಿಗೆ ಸುದ್ದಿಯಾಗದೆ ಇದ್ದೀತೆ?

ಭಾರ ಎತ್ತಬಾರದು ಎಂದಿದ್ದರು ಡಾಕ್ಟರು. ಮುದ್ದೆ ತೊಳಸಬಾರದು ಎಂದಿರಲಿಲ್ಲವಲ್ಲ! ಶಪಥವನ್ನು ಮಂಚದ ಮೇಲೆ ಮಲಗಿಸಿ ಹನುಮಮ್ಮ ಎದ್ದಳು. ಇಕ್ಕಳದಲ್ಲಿ ತಪ್ಪಲೆ ಅದುಮಿ, ನಲವತ್ತು ವರ್ಷದ ಕಸುಬನ್ನೆಲ್ಲ ರಟ್ಟೆಗೆ ತಂದು ತೊಳಸಿದಳು. ಗಂಟು ಕರಗಿತು. ಎದೆಮೂಳೆ ಮಾತ್ರ ಕಟಕ್ ಎಂದಿತು! ಬೆವರೊರೆಸಿಕೊಂಡು ಕಳ್ಳಿಯಂತೆ ಹಾಸಿಗೆ ಸೇರಿದಳು. ವಾಪಸು ಬಂದ ಉಗ್ರಪ್ಪ ತಪ್ಪಲೆ ನೋಡಿ, ತನ್ನ ನಾಲ್ಕು ಸುತ್ತಿನ ಮಹಿಮೆಗೆ ತಾನೇ ಬೆರಗಾದ.

ದೇವೀರಮ್ಮ ಮುದ್ದೆ ಮುರಿದವಳೇ ಕೂಗಿದಳು. "ಬೆಣ್ಣೆ ಕಣಣ್ಣ ಇದು! ಅತ್ತಿಗೇನೂ ಹಿಂಗೆ ಮಾಡಕಿಲ್ಲ!"

"ಕೈಗುಣ ಕಣಮ್ಮ." ಉಗ್ರಪ್ಪ ಮೀಸೆ ತಿರುವಿದ.

ಹನುಮಮ್ಮನಿಗೆ ತಡೆಯಲಾಗಲಿಲ್ಲ. "ರೀ, ತೊಳಸಿದ್ದು ನಾನು!"

"ಹೊಟ್ಟೆಕಿಚ್ಚು ನೋಡು ಅತ್ತಿಗೆಗೆ!" ದೇವೀರಮ್ಮ ನಕ್ಕಳು.

"ಎದೆ ನೋಯ್ತೈತೆ ಕಣ್ರೀ..."

ಉಗ್ರಪ್ಪನ ತುತ್ತು ಕೈಯಲ್ಲೇ ನಿಂತಿತು.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರ್ ಸಿಂಧು ಎಕ್ಸ್‌ರೇ ಹಿಡಿದು ಕೇಳಿದರು. "ಏನು ಕೆಲಸ ಮಾಡಿದ್ರಿ?"

"ಕೆಲಸ ಏನೂ ಇಲ್ಲ ತಾಯಿ. ಮೂರು ಜನಕ್ಕೆ ಮುದ್ದೆ ತೊಳಸಿದೆ, ಅಷ್ಟೆ."

"ಅಷ್ಟೇನಾ! ಕುಯ್ದ ಎದೆಮೂಳೆ ಕೂಡಿಸಿದ ತಂತಿ ಹೇಗೋ ತಡ್ಕೊಂಡಿದೆ, ನಿಮ್ಮ ಪುಣ್ಯ. ಈ ಆಪರೇಷನ್ ಆದ ಗಂಡಸರಿಗೆ ಎದ್ದು ನಡೀರಿ ಅಂತ ಬಯ್ಯಬೇಕು, ಹೆಂಗಸರಿಗೆ ಸುಮ್ನೆ ಕೂತ್ಕೊಳ್ಳಿ ಅಂತ ಬಯ್ಯಬೇಕು. ನೋವಾದ್ರೂ ಬೇಗ ಬಾಯಿ ಬಿಡಲ್ಲ ನೀವು!"

ಉಗ್ರಪ್ಪನ ಮುಖ ಬಾಡಿತು. "ಹಂಗಾದ್ರೆ ಆ ಮುದ್ದೆ ನಂದಲ್ವಾ?"

"ಅಲ್ಲ!" ಹನುಮಮ್ಮನ ದನಿಯಲ್ಲಿ ಗೆದ್ದ ಗತ್ತು. "ಗಂಟು ಮುದ್ದೆ ಇಕ್ಕಿ ನಿಮ್ಮ ತಂಗಿ ಮುಂದೆ ಮನೆ ಮರ್ಯಾದೆ ಕಳೀಲಾ?"

ಉಗ್ರಪ್ಪ ಮೆಟ್ಟಿಲಿಳಿಯುವಾಗ ಅವಳ ಕೈ ಹಿಡಿದುಕೊಂಡು ಮೆಲ್ಲಗೆ ಅಂದ.

"ಗಂಟು ಮುದ್ದೆ ತಿಂದಿದ್ರೆ ದೇವೀರಿ ಸಂಜೆ ಬಸ್ಸಿಗೆ ಊರಿಗೆ ಹೋಗೋಳು, ಅಷ್ಟೇ ಕಣೇ. ನೀನೇ ಹೋಗ್ಬಿಟ್ಟಿದ್ರೆ, ಬದುಕಿರೋ ತಂಕ ಆ ಗಂಟು ಮುದ್ದೇನ ತಿನ್ನೋನು ನಾನು."