ಹನ್ನೊಂದನೆಯ ಗುಂಡಿ

ಚಿಂತೆ ಮಾಡುವವರ ಕೈ ಸುಮ್ಮನಿರುವುದಿಲ್ಲ. ನನ್ನ ಕೈಯಂತೂ ಮದುವೆಮನೆಯಲ್ಲಿ ಕಂಡವರ ಚಪ್ಪಲಿಗಳನ್ನೂ ಸಾಲಾಗಿ ಜೋಡಿಸುತ್ತದೆ. ಉಂಡು ಬಂದವರು ಬರಿಗಾಲಲ್ಲಿ ಹುಡುಕಾಡುವಾಗ, ಇದು ಯಾರ ಕೆಲಸವಪ್ಪ ಎಂದು ಅವರ ಜೊತೆ ನಾನೂ ಬೈದದ್ದುಂಟು.

ಹೊಸ ಶತಮಾನಕ್ಕೆ ನಾಲ್ಕೈದು ವರ್ಷವಾಗಿದ್ದಾಗ ಗೋಕಾಕದಲ್ಲಿ ನನ್ನದೊಂದು ಸಣ್ಣ ಸಾಫ್ಟ್‌ವೇರ್ ಅಂಗಡಿಯಿತ್ತು. ಗಿರಾಕಿಗಳಿಗೆ ಬೇಕಾದ ಫಾರ್ಮುಗಳನ್ನು ಕಂಪ್ಯೂಟರಿನಲ್ಲಿ ತಯಾರಿಸಲು ನಾನೇ ಒಂದು ಪ್ರೋಗ್ರಾಮು ಬರೆದುಕೊಂಡಿದ್ದೆ. ಅದರ ಗುಂಡಿಗಳ ಮೇಲೆ ಅಕ್ಷರವಿಲ್ಲ, ಎಲ್ಲ ನಾನು ಬಿಡಿಸಿದ ಚಿತ್ರಗಳು. ಉಳಿಸಲು ಕಣಜ, ಕಳಿಸಲು ಬಂಡಿ, ಅಳಿಸಲು ಕಸಬರಿಗೆ. ಮೂಡಲಗಿಯ ಗಿರಾಕಿಯೊಬ್ಬರು ಬಂಡಿಯ ಎತ್ತುಗಳನ್ನು ಹೊಗಳಿದ ಮೇಲಂತೂ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಆಗ ಕೊಣ್ಣೂರಿನ ಜುಬೇದಾ ಕೆಲಸಕ್ಕೆ ಬಂದಳು. ಹುಟ್ಟಿನಿಂದ ಕಣ್ಣು ಕಾಣದವಳು. ಪರದೆಯ ಮೇಲಿನದನ್ನು ಓದಿ ಹೇಳುವ ಪ್ರೋಗ್ರಾಮೊಂದನ್ನು ಕಿವಿಯಲ್ಲಿ ಕೇಳುತ್ತ ನನಗಿಂತ ಚುರುಕಾಗಿ ಕೋಡ್ ಬರೆಯುತ್ತಿದ್ದಳು. ಹುಕ್ಕೇರಿಯ ದವಾಖಾನೆಯೊಂದಕ್ಕೆ ರೋಗಿಗಳ ಫಾರ್ಮು ಮಾಡಿ ಶನಿವಾರ ಡಾಕ್ಟರಿಗೆ ತೋರಿಸಬೇಕು, ಅವರು ಒಪ್ಪಿದರೆ ನಿನ್ನ ಕೆಲಸ ಕಾಯಂ ಎಂದಿದ್ದೆ. ನನ್ನ ಚಿತ್ರಗಳ ಹತ್ತಿರ ಬಂದರೆ ಮಾತ್ರ ಆ ಓದುವ ಪ್ರೋಗ್ರಾಮು ‘ಬಟನ್, ಬಟನ್, ಬಟನ್’ ಎಂದಷ್ಟೇ ಹೇಳುತ್ತಿತ್ತು. ಜುಬೇದಾ ದೂರಲಿಲ್ಲ. ಒಂದು ಗುಂಡಿಯಿಂದ ಮುಂದಿನದಕ್ಕೆ ದಾಟಿಸುವ ಟ್ಯಾಬ್ ಕೀಲಿಯನ್ನು ಹನ್ನೊಂದು ಸಲ ಒತ್ತಿದರೆ ಕಣಜ ಬರುತ್ತದೆ ಎಂದು ಎಣಿಸಿಟ್ಟುಕೊಂಡಳು.

ಗುರುವಾರ ನನಗೆ ಕಸಬರಿಗೆ ಇದ್ದ ಜಾಗ ಚೆಂದ ಕಾಣಲಿಲ್ಲ. ಕಣಜವನ್ನು ಬಂಡಿಯ ಬಾಜೂ ಸರಿಸಿ, ಕಣಜ ಇದ್ದಲ್ಲಿ ಕಸಬರಿಗೆ ಇಟ್ಟೆ. ಶುಕ್ರವಾರ ಮುಂಜಾನೆ ಅವಳು ಹನ್ನೊಂದು ಎಣಿಸಿ ಒತ್ತಿದಳು. ನಾಲ್ಕು ದಿನದ ಕೆಲಸ ಗುಡಿಸಿಹೋಯಿತು.

ನಾನು ಸರಿಸಿದ್ದೆ ಎಂದು ಒಪ್ಪಿಕೊಳ್ಳಲು ನನಗೆ ಎರಡು ಕಪ್ ಚಹಾ ಬೇಕಾಯಿತು.

“ನನ್ನ ಎಣಿಕಿ ತಪ್ಪಿತೇನೋ ಅಂತ ಜೀವ ಹಾರಿತ್ತರಿ ಸರ್,” ಎಂದಳು. “ತಪ್ಪಿಲ್ಲಲ್ಲ, ಸಾಕು. ನಾ ಮತ್ತ ಬರೀತೇನಿ. ನೀವು ಗುಂಡಿಗೆಲ್ಲಾ ಹೆಸರ ಕೊಡ್ರಿ.”

ಕೊಟ್ಟೆ. ಆದರೆ ಚಿಂತೆಯ ಮನುಷ್ಯ ನೋಡಿ, ಕಸಬರಿಗೆಗೆ ‘ಅಳಿಸುವ ಗುಂಡಿ, ಒತ್ತುವ ಮುನ್ನ ಎರಡು ಸಲ ಯೋಚಿಸಿ, ಹೋದದ್ದು ತಿರುಗಿ ಬಾರದು’ ಎಂಬಷ್ಟು ಉದ್ದದ ಹೆಸರನ್ನು, ಓದುವ ಪ್ರೋಗ್ರಾಮಿಗೆ ತಿಳಿಯಲೆಂದು ಇಂಗ್ಲಿಷಿನಲ್ಲಿ ಬರೆದೆ. ಉಳಿದವಕ್ಕೂ ಅಂಥವೇ. ಜುಬೇದಾ ಒಂದು ಗುಂಡಿ ದಾಟಬೇಕಾದರೂ ನನ್ನ ಉಪದೇಶ ಕೇಳಬೇಕಾಯಿತು.

“ಇದು ಗುಂಡಿನೋ ಪುರಾಣನೋ ಸರ್? ಮುಗಿಯೂದ್ರಾಗ ಶನಿವಾರ ದಾಟತೈತಿ.”

ಹೀಗೆಂದು ಮಾನಿಟರ್ ಆರಿಸಿ, ಹೆಡ್‌ಫೋನನ್ನು ನನ್ನ ಕಿವಿಗೆ ಏರಿಸಿ, ಈಗ ನೀವೇ ಒಂದು ಫಾರ್ಮು ಉಳಿಸಿ ತೋರಿಸಿ ಎಂದಳು. ನಾನೇ ಕಟ್ಟಿದ ಮನೆಯಲ್ಲಿ ನನಗೇ ಬಾಗಿಲು ಸಿಗಲಿಲ್ಲ. ಮೂರು ಸಲ ಕಸಬರಿಗೆಗೇ ಹೋಗಿ ನಿಂತೆ. ಬೆವರು ಒರೆಸಿಕೊಂಡು ಪ್ರತಿ ಹೆಸರನ್ನೂ ಒಂದೊಂದೇ ಶಬ್ದಕ್ಕೆ ಇಳಿಸಿದೆ. ಎಣಿಸುವ ಕೆಲಸವಿಲ್ಲದ ಮೇಲೆ, ನಾಲ್ಕು ದಿನದ್ದನ್ನು ಅವಳು ಸಂಜೆಯೊಳಗೆ ಮುಗಿಸಿದಳು. ಶನಿವಾರ ಡಾಕ್ಟರು ಒಪ್ಪಿದರು, ಕೆಲಸ ಕಾಯಂ ಆಯಿತು. ನನ್ನ ಎತ್ತುಗಳ ಸುದ್ದಿಯನ್ನು ಯಾರೂ ತೆಗೆಯಲಿಲ್ಲ.

ಕೈ ಮಾತ್ರ ಬುದ್ಧಿ ಕಲಿಯಲಿಲ್ಲ. ಒಂದು ತಿಂಗಳ ನಂತರ ಅವಳ ಕುರ್ಚಿಯನ್ನು ಒಂದು ಗೇಣು ಕಿಟಕಿಯ ಕಡೆ ಸರಿಸಿ, ಏನೂ ಮಾಡದವನಂತೆ ಕೈಕಟ್ಟಿ ಕೂತಿದ್ದೆ. ಜುಬೇದಾ ಬಂದವಳು ಹೊಸ್ತಿಲಲ್ಲೇ ನಿಂತಳು.

“ಏನ ಸರಿಸೀರಿ ಸರ್?”

ನಿನಗೆ ಹೇಗೆ ಗೊತ್ತಾಯಿತು ಎಂದೆ.

“ದಿನಾ ಬಾಗಲದಾಗ ನಿಮ್ಮ ಕೈ ಸಪ್ಪಳ ಕೇಳತೈತಿ, ಇವತ್ತ ಸುಮ್ಮನ ಕುಂತೀರಲ್ಲರಿ.”