ಎಮೆಟ್‌ನ ಇಂಜಿನ್ ಸತ್ತ ದಿನ

ಬೆಳಿಗ್ಗೆ ಎಂಟೂವರೆಗೆ ಎಮೆಟ್ ಹೋಮ್ ತನ್ನ ವಿಮಾನದ ಮೂತಿಗೆ ಹೊದಿಸಿದ್ದ ದಪ್ಪ ರಜಾಯಿಯ ಕೆಳಗೆ ಕೈ ತೂರಿಸಿದ. ರಾತ್ರಿಯೆಲ್ಲ ಹೀಟರ್ ಉರಿದು ಬೆಚ್ಚಗಿರಬೇಕಾಗಿದ್ದ ಇಂಜಿನ್ ಹೆಣದ ಹಾಗೆ ತಣ್ಣಗಿತ್ತು. ಹೀಟರಿನ ವಯರು ಹಿಡಿದುಕೊಂಡು ಕರೆಂಟ್ ಕಂಬದವರೆಗೂ ನಡೆದ. ಯಾರೋ ಪ್ಲಗ್ ಕಿತ್ತು, ವಯರನ್ನು ಅಚ್ಚುಕಟ್ಟಾಗಿ ಸುತ್ತಿ, ಮೊಳೆಗೆ ನೇತುಹಾಕಿದ್ದರು. ಇಷ್ಟು ಅಚ್ಚುಕಟ್ಟಾಗಿ ಅನ್ಯಾಯ ಮಾಡುವವನು ನಮ್ಮ ಕ್ರೋ ಬೆಂಡ್ ಊರಿನಲ್ಲಿ ಒಬ್ಬನೇ.

"ನಾನೇ ಕಿತ್ತಿದ್ದು," ಎಂದ ಗಸ್, ಪಕ್ಕದಲ್ಲೇ ನಿಲ್ಲಿಸಿದ್ದ ತನ್ನ ವಿಮಾನದ ರೆಕ್ಕೆಯ ಹಿಂದಿನಿಂದ ಬರುತ್ತಾ. ಅವನಿಗೆ ಎಪ್ಪತ್ತೆರಡು ವರ್ಷ. ಇಂಜಿನ್ ಕಾಯಿಸುವ ವಿಷಯದಲ್ಲಿ ಇಡೀ ಅಲಾಸ್ಕಕ್ಕೆ ತಾನೇ ಗುರು ಎಂಬ ನಂಬಿಕೆ. "ಒಂದೇ ಸಮ ಕಾಯಿಸ್ತಾ ಇದ್ರೆ ಒಳಗೆ ಬೆವರುತ್ತೆ ಕಣೋ. ಬೆವರಿದ್ರೆ ತುಕ್ಕು. ನಿನ್ನ ಒಳ್ಳೇದಕ್ಕೇ ಮಾಡಿದ್ದು."

"ಅಣ್ಣಾ, ಇವತ್ತು ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿದೆ. ನಾನು ಹೊರಡ್ಬೇಕು."

"ಹೊರಡು. ಬೇಡ ಅಂದೋರು ಯಾರು? ಎರಡು ಗಂಟೆ ಕಾಯಿಸಿ ಹೊರಡು."

ಎಮೆಟ್ ಏನೂ ಹೇಳಲಿಲ್ಲ. ಐವತ್ತೇಳು ವರ್ಷದಿಂದ ಏನೂ ಹೇಳದೆಯೇ ಬದುಕಿದವನು ಅವನು. ಆದರೆ ಅಂದು ಅವನ ಅಂಗಿಯ ಜೇಬಿನಲ್ಲಿ ವೆರ್ನಾಳ ಕಾಗದವಿತ್ತು. ಐವತ್ತು ನಿಮಿಷದ ಹಾರಾಟದಾಚೆ, ಹ್ಯಾಲೋ ಲೇಕ್ ದಂಡೆಯ ಮರದ ಮನೆಯಲ್ಲಿ ಒಂಟಿಯಾಗಿದ್ದ ಹೆಂಗಸು ಅವಳು. ಆರು ವರ್ಷದಿಂದ ಎಮೆಟ್ ಅವಳಿಗೆ ಹಿಟ್ಟು, ಸೀಮೆಎಣ್ಣೆ ಹೊತ್ತುಕೊಂಡು ಹೋಗಿ, ಕಾಫಿ ಕುಡಿದು, ಹವಾಮಾನ ಮಾತಾಡಿ ವಾಪಸು ಬರುತ್ತಿದ್ದ. ಕಾಗದ ಚಿಕ್ಕದು: "ಶುಕ್ರವಾರ ಬೆಳಿಗ್ಗೆ ಆಂಕರೇಜ್‌ನಿಂದ ವಿಮಾನ ಬಂದು ನನ್ನನ್ನು ಕರೆದೊಯ್ಯುತ್ತದೆ. ತಂಗಿಯ ಮನೆಗೆ, ಒರೆಗಾನ್‌ಗೆ. ಮತ್ತೆ ಬರುವುದಿಲ್ಲ. ಗುರುವಾರ ಕತ್ತಲಾಗುವುದರೊಳಗೆ ನೀನು ಬಂದು 'ಇರು' ಅಂದರೆ ಇರುತ್ತೇನೆ. ಬರದಿದ್ದರೆ ಅದೂ ಒಂದು ಉತ್ತರವೇ."

ಅವತ್ತು ಗುರುವಾರ. ಡಿಸೆಂಬರಿನಲ್ಲಿ ನಮ್ಮಲ್ಲಿ ಮೂರು ಗಂಟೆಗೆಲ್ಲ ಕತ್ತಲು.

ಈ ಕಾಗದದ ಸುದ್ದಿ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ವೆರ್ನಾಗೆ ಜನರೇಟರಿನ ಬೆಲ್ಟ್ ಕೊಡಲು ಹೋಗುತ್ತಿದ್ದೇನೆ ಎಂದಷ್ಟೇ ಹೇಳಿದ್ದ.

ಗಸ್ ತನ್ನ ಗ್ಯಾಸ್ ಒಲೆಯನ್ನೂ ಒಲೆಯ ಕೊಳವೆಯನ್ನೂ ತಂದು ಇಂಜಿನ್ ಕೆಳಗೆ ಬಿಸಿಗಾಳಿ ಬಿಡತೊಡಗಿದ. ಹತ್ತೂವರೆಯ ಹೊತ್ತಿಗೆ ಎಣ್ಣೆ ತೆಳುವಾಗಿ, ಅಳತೆ ಕಡ್ಡಿಯಿಂದ ತೊಟ್ಟಿಕ್ಕುವಷ್ಟಾಯಿತು. ಇನ್ನೇನು ಹೊರಡಬೇಕು ಅನ್ನುವಾಗ ಊರಿನ ಮತ್ತೊಬ್ಬ ವಿಮಾನದವ ಹೈರಮ್ ಬಂದ.

ಹೈರಮ್‌ನ ಕ್ಷೇತ್ರ ಎಣ್ಣೆ ಫಿಲ್ಟರ್. ಅವನು ನಿನ್ನೆ ಎಮೆಟ್ ಹಾಕಿದ್ದ ಹೊಸ ಫಿಲ್ಟರನ್ನು ಬಗ್ಗಿ ನೋಡಿ, ಸಾವಿನ ಮನೆಗೆ ಬಂದವನ ಹಾಗೆ ಟೋಪಿ ತೆಗೆದ.

"ಗಿಡ್ಡ ಫಿಲ್ಟರ್ ಹಾಕಿದ್ಯಾ?"

"ಅಂಗಡೀಲಿ ಅದೇ ಇದ್ದಿದ್ದು."

"ಈ ಚಳೀಲಿ ಎಣ್ಣೆ ಜೇನುತುಪ್ಪ ಆಗಿರುತ್ತೆ ಮಾರಾಯ. ಗಿಡ್ಡದರಲ್ಲಿ ನುಗ್ಗಕ್ಕಾಗಲ್ಲ. ಪಕ್ಕದ ಬಾಗಿಲು ತೆಕ್ಕೊಂಡು ಸೋಸದೇನೇ ಒಳಗೆ ಹೋಗುತ್ತೆ. ಉದ್ದಂದು ಹಾಕ್ಬೇಕು. ಹೋಗ್ಲಿ, ಹಳೇದನ್ನ ಕುಯ್ದು ನೋಡಿದ್ಯಾ?"

ನೋಡಿರಲಿಲ್ಲ. ನಮ್ಮಲ್ಲಿ ಹಳೆಯ ಫಿಲ್ಟರನ್ನು ಕುಯ್ದು, ಒಳಗಿನ ಕಾಗದದ ಮಡಿಕೆ ಬಿಡಿಸಿ, ಲೋಹದ ಚೂರು ಇದೆಯೇ ಎಂದು ನೋಡದೆ ಹಾರುವವನನ್ನು ಹೆಂಡತಿ ಮಕ್ಕಳಿಲ್ಲದವನು ಎಂದು ಆಡಿಕೊಳ್ಳುತ್ತಾರೆ. ಎಮೆಟ್‌ಗೆ ಎರಡೂ ಇರಲಿಲ್ಲ, ಅದಕ್ಕೇ ಮಾತು ಹೆಚ್ಚು ಚುಚ್ಚಿತು.

"ಐದೇ ನಿಮಿಷ," ಎಂದ ಹೈರಮ್. ಫಿಲ್ಟರ್ ಕುಯ್ಯುವ ಕಟರನ್ನು ಅವನು ಯಾರಿಗೋ ಕೊಟ್ಟಿದ್ದ, ಯಾರಿಗೆ ಎಂಬುದು ನೆನಪಿರಲಿಲ್ಲ. ಕಬ್ಬಿಣ ಕುಯ್ಯುವ ಗರಗಸ ಹಿಡಿದು ಕೂತ. ಕರಕರ ಕುಯ್ದ. ಕಾಗದ ಬಿಡಿಸಿ ಅಯಸ್ಕಾಂತ ಆಡಿಸಿದ. ಅಯಸ್ಕಾಂತಕ್ಕೆ ಲೋಹದ ಪುಡಿಯ ಗಡ್ಡ ಬೆಳೆಯಿತು.

ಮೂವರೂ ನೋಡಿದರು.

"ಹೋಯ್ತು," ಎಂದ ಹೈರಮ್ ಮೆಲ್ಲಗೆ. "ಕ್ಯಾಮೋ ಬೇರಿಂಗೋ, ಏನೋ ಒಂದು ಒಳಗೆ ಪುಡಿಯಾಗ್ತಿದೆ. ಇದನ್ನ ಹಾರಿಸಿದ್ರೆ ಬೆಟ್ಟದ ಮೇಲೆ ನಿಲ್ಲುತ್ತೆ."

ಗಸ್ ತನ್ನ ಒಲೆ ಆರಿಸಿ ಕೊಳವೆ ಬಿಚ್ಚಿದ. ಸತ್ತ ಇಂಜಿನ್‌ಗೆ ಗ್ಯಾಸ್ ಯಾಕೆ ದಂಡ, ಎಂದ. ಎಮೆಟ್‌ನ ಎದೆಯಲ್ಲಿ ಏನು ನಡೆಯುತ್ತಿದೆ ಎಂದು ಅವರಿಗೇನು ಗೊತ್ತು? ಎಮೆಟ್ ಹಿಮದಲ್ಲಿ ಒಂದು ಡಬ್ಬದ ಮೇಲೆ ಕುಸಿದು ಕುಳಿತ. ಆರು ವರ್ಷದಲ್ಲಿ ಒಂದು ಸಲವಾದರೂ ಬಾಯಿ ಬಿಡಬಾರದಿತ್ತೇ ಎಂದು ತನ್ನನ್ನು ತಾನೇ ಶಪಿಸಿಕೊಂಡ.

ಹನ್ನೆರಡು ದಾಟಿದ ಮೇಲೆ ಹೈರಮ್‌ನ ಹೆಂಡತಿ ಅರ್ಲೀನ್ ಕಾಫಿ ತಂದಳು. ಮನೆಮನೆಗೂ ಸಾಂತ್ವನ ಹಂಚುವುದು ಅವಳ ಕಸುಬು.

"ವೆರ್ನಾ ಪಾಪ ಕಾಯ್ತಿರ್ತಾಳಲ್ಲ ಅಂತ ರೇಡಿಯೋಗೆ ಫೋನ್ ಮಾಡಿದೆ ಕಣಪ್ಪ. ಮಧ್ಯಾಹ್ನದ ಸಂದೇಶದಲ್ಲಿ ಓದಿದ್ರು. 'ಹ್ಯಾಲೋ ಲೇಕ್‌ನ ವೆರ್ನಾಗೆ: ಎಮೆಟ್‌ನ ಇಂಜಿನ್ ಹೋಯಿತು, ಬರುವುದಿಲ್ಲ.' ಚೆನ್ನಾಗಿ ಓದಿದ್ರು."

ಫೋನ್ ಇಲ್ಲದ ಕಾಡುಮನೆಗಳಿಗೆ ಫೇರ್‌ಬ್ಯಾಂಕ್ಸ್‌ನ ರೇಡಿಯೋ ಹೀಗೆ ದಿನಕ್ಕೆರಡು ಬಾರಿ ಊರವರ ಸಂದೇಶ ಓದುತ್ತಿತ್ತು. ಅವರು ಕೇಳಬಹುದಿತ್ತು, ಮರುಮಾತು ಹೇಳಲಾಗುತ್ತಿರಲಿಲ್ಲ.

ಎಮೆಟ್‌ನ ಕೈಯಿಂದ ಕಾಫಿ ಲೋಟ ಬಿತ್ತು. ಅದನ್ನು ಎತ್ತಲು ಬಗ್ಗಿದಾಗ ಒಂದು ಲೋಹದ ಚೂರು ಕೈಗವಸಿಗೆ ಅಂಟಿ ಬಂತು. ಬೆಳಕಿಗೆ ಹಿಡಿದ. ಚೂರಿನ ಒಂದು ಬದಿ ಹೊಳೆಯುತ್ತಿತ್ತು, ಇನ್ನೊಂದು ಬದಿಗೆ ಕೆಂಪು ಬಣ್ಣವಿತ್ತು. ಹಳೆಯ ಫಿಲ್ಟರಿನ ಡಬ್ಬಿ ಕೆಂಪು.

"ಹೈರಮ್," ಎಂದ ಎಮೆಟ್. "ಇಂಜಿನ್ ಒಳಗೆ ಯಾರಾದ್ರೂ ಪೇಂಟ್ ಹೊಡೀತಾರಾ?"

ಹೈರಮ್ ಚೂರನ್ನು ನೋಡಿದ. ಗರಗಸ ನೋಡಿದ. ಗಸ್ ಕೆಮ್ಮುವ ನೆಪದಲ್ಲಿ ಆಚೆ ತಿರುಗಿ ನಕ್ಕ.

"ಒಂದೆರಡು ಚೂರು ಗರಗಸದ್ದು ಇರಬಹುದು," ಎಂದ ಹೈರಮ್, ಸೋಲದೆ. "ಎಲ್ಲಾ ಅದೇ ಅಂತ ಹೇಗೆ ಹೇಳ್ತೀಯ? ಆ ಲೇಕ್ ದಾರೀಲಿ ಬರೀ ಬೆಟ್ಟ. ನಾನಂತೂ ಬಿಡಲ್ಲ."

ಬಿಡುವುದಿಲ್ಲವೆಂದರೆ ಅವನು ನಿಜಕ್ಕೂ ಬಿಡುವವನಲ್ಲ. ತನ್ನ ಗಾಡಿಯನ್ನು ತಂದು ವಿಮಾನದ ಮುಂದೆ ನಿಲ್ಲಿಸಿಯೇಬಿಟ್ಟ. ಗಸ್ ಮತ್ತೆ ಒಲೆ ಹಚ್ಚಿ ಇನ್ನೊಂದು ಗಂಟೆ ಕಾಯಿಸಿದ. ಒಂದೂಕಾಲಾಯಿತು. ಎಮೆಟ್ ಜೀವಮಾನದಲ್ಲಿ ಮೊದಲ ಬಾರಿಗೆ ಸುಳ್ಳು ಹೇಳಿದ.

"ಸರಿ ಕಣೋ. ಲೇಕ್‌ಗೆ ಹೋಗಲ್ಲ. ರಸ್ತೆ ಮೇಲೇ ಹಾರ್ಕೊಂಡು ಫೇರ್‌ಬ್ಯಾಂಕ್ಸ್‌ಗೆ ಹೋಗಿ ಮೆಕ್ಯಾನಿಕ್‌ಗೆ ತೋರಿಸ್ತೀನಿ. ಏನಾದ್ರೂ ಆದ್ರೆ ರಸ್ತೇಲೇ ಇಳೀತೀನಿ."

"ಇದು ಬುದ್ಧಿವಂತರ ಮಾತು," ಎಂದು ಹೈರಮ್ ಗಾಡಿ ತೆಗೆದ.

ರಜಾಯಿಯನ್ನು ಅಲ್ಲೇ ಬಿಟ್ಟು ಎಮೆಟ್ ಹಾರಿದ. ಮೇಲೇರುತ್ತಲೇ ವಿಮಾನದ ರೇಡಿಯೋದಲ್ಲಿ ಹೈರಮ್‌ನ ಉಪದೇಶ ಶುರುವಾಯಿತು. ಎಮೆಟ್ ಗುಂಡಿ ತಿರುಗಿಸಿ ಅದರ ಬಾಯಿ ಮುಚ್ಚಿಸಿದ. ಬೆಟ್ಟ ದಾಟಿದರೆ ಅದರ ಮಾತು ಹೇಗೂ ಊರಿಗೆ ತಲುಪುತ್ತಿರಲಿಲ್ಲ. ಉತ್ತರಕ್ಕೆ ಹತ್ತು ಮೈಲಿ ಹೋಗಿ, ಗುಡ್ಡ ಅಡ್ಡವಾಗಿ ಊರು ಮರೆಯಾದೊಡನೆ ಪೂರ್ವಕ್ಕೆ ತಿರುಗಿದ. ಇಂಜಿನ್ ಗಡಿಯಾರದ ಹಾಗೆ ನಡೆಯಿತು. ದಾರಿಯುದ್ದಕ್ಕೂ "ಇರು, ಇರು" ಎಂದು ಗಟ್ಟಿಯಾಗಿ ಅಭ್ಯಾಸ ಮಾಡಿದ.

ಎರಡು ದಾಟಿದ ಮೇಲೆ ಲೇಕ್ ಕಂಡಿತು. ಆತುರದಲ್ಲಿ ಎಂದಿನ ಜಾಗ ಬಿಟ್ಟು ಮನೆಯ ಹತ್ತಿರಕ್ಕೇ ಇಳಿದ. ಅಲ್ಲಿ ಲೇಕಿನ ಮಂಜುಗಡ್ಡೆಯ ಮೇಲೆ, ಹಿಮದ ಕೆಳಗೆ, ನೀರು ನಿಂತಿತ್ತು. ವಿಮಾನಕ್ಕೆ ಚಕ್ರದ ಬದಲಿದ್ದ ಹಿಮಹಲಗೆಗಳು ಕೆಸರಿನಂಥ ಹಿಮದಲ್ಲಿ ಹೂತು, ನೋಡನೋಡುತ್ತಲೇ ಹೆಪ್ಪುಗಟ್ಟಿದವು. ಬಿಟ್ಟರೆ ವಸಂತದವರೆಗೂ ಅಲ್ಲೇ. ಕೊಡಲಿ ಹಿಡಿದು ಒಂದು ಗಂಟೆ ಒದ್ದಾಡಿ ಬಿಡಿಸಿದ. ದಂಡೆಯಲ್ಲಿ ವೆರ್ನಾಳ ಏಳು ನಾಯಿಗಳು ಒಂದೇ ಸಮ ಊಳಿಡುತ್ತಿದ್ದವು. ವೆರ್ನಾ ಮಾತ್ರ ಹೊರಗೆ ಬರಲಿಲ್ಲ. ಕೋಪ ಬಂದಿದೆ ಎಂದುಕೊಂಡ.

ಕತ್ತಲಾಗಿತ್ತು. ಇಂಜಿನ್ ಮತ್ತೆ ಕಲ್ಲಾಗಿತ್ತು. ಬೀಗವಿಲ್ಲದ ಬಾಗಿಲು ತಳ್ಳಿದ. ಒಳಗೆ ಯಾರೂ ಇಲ್ಲ. ಮೇಜಿನ ಮೇಲೆ ಚೀಟಿ:

"ಯಾರೇ ಬಂದರೂ ಒಲೆ ಹಚ್ಚಿಕೊಳ್ಳಿ. ಎಮೆಟ್ ಹೊರಟಿದ್ದನಂತೆ, ಪಾಪ ಇಂಜಿನ್ ಹೋಯಿತಂತೆ. ಅವನು ಬರಲಾಗದಿದ್ದರೆ ನಾನೇ ಹೋಗುತ್ತೇನೆ. ಟಪಾಲು ತಂದ ರೇ ಟೈಟಸ್ ತನ್ನ ವಿಮಾನದಲ್ಲಿ ಕ್ರೋ ಬೆಂಡಿಗೆ ಕರೆದೊಯ್ಯುತ್ತಿದ್ದಾನೆ. ಒರೆಗಾನ್ ಬೇಡ."

ಎಮೆಟ್ ಅದನ್ನು ನಾಲ್ಕು ಸಲ ಓದಿದ. ಕಣ್ಣು ತುಂಬಿ ಬಂತು. ಒಲೆ ಹಚ್ಚಿ, ಅವಳ ಕುರ್ಚಿಯಲ್ಲಿ ಕುಳಿತು, ಒಬ್ಬನೇ ನಕ್ಕ. ಒಂದು ರಾತ್ರಿ ತಾನೆ, ಬೆಳಿಗ್ಗೆ ಒಲೆಯ ಕೊಳವೆಯಿಂದಲೇ ಇಂಜಿನ್ ಕಾಯಿಸಿ, ಹತ್ತೂವರೆಗೆ ಬೆಳಕಾದೊಡನೆ ಹೊರಟರಾಯಿತು. ಇಷ್ಟು ಖುಷಿ ಅವನಿಗೆ ಎಂದೂ ಆಗಿರಲಿಲ್ಲ.

ಐದು ಗಂಟೆಗೆ ರೇಡಿಯೋ ಹಾಕಿದ. ಸಂದೇಶಗಳು ಬಂದವು.

"ಎಮೆಟ್ ಹೋಮ್‌ಗೆ, ಹೈರಮ್‌ನಿಂದ: ಫೇರ್‌ಬ್ಯಾಂಕ್ಸ್‌ನಲ್ಲಿ ಫಿಲ್ಟರ್ ಕೊಂಡರೆ ಉದ್ದದ್ದನ್ನೇ ಕೊಳ್ಳು."

"ಎಮೆಟ್ ಹೋಮ್‌ಗೆ, ವೆರ್ನಾಳಿಂದ: ಇಂಜಿನ್‌ಗೆ ಏನೂ ಆಗಿಲ್ಲವೆಂದು ಗಸ್ ಹೇಳಿದ. ಲೇಕ್‌ಗೆ ಹೋಗುವುದಿಲ್ಲ ಎಂದು ನೀನೇ ಹೇಳಿ ಫೇರ್‌ಬ್ಯಾಂಕ್ಸ್‌ಗೆ ಹೋದೆಯಂತೆ. ಉತ್ತರ ತಿಳಿಯಿತು. ಆಂಕರೇಜ್ ವಿಮಾನಕ್ಕೆ ಕ್ರೋ ಬೆಂಡಿಗೇ ಬರಲು ಹೇಳಿದ್ದೇನೆ, ಇಲ್ಲಿ ರನ್‌ವೇಗೆ ದೀಪವಿದೆ, ಬೆಳಿಗ್ಗೆ ಎಂಟಕ್ಕೇ ಹೊರಡುತ್ತೇನೆ. ಚೆನ್ನಾಗಿರು."

ಎಮೆಟ್ ರೇಡಿಯೋದ ಮುಂದೆ ಬಾಯಿ ತೆರೆದು, "ಇರು," ಎಂದ. ಆರು ವರ್ಷದಿಂದ ಹೇಳದೆ ಇಟ್ಟುಕೊಂಡಿದ್ದ ಮಾತು ಸ್ಪಷ್ಟವಾಗಿಯೇ ಬಂತು. ರೇಡಿಯೋ ನಿಲ್ಲದೆ ಮುಂದಿನದನ್ನು ಓದಿತು.

"ಹ್ಯಾಲೋ ಲೇಕ್ ಕಡೆ ಹೋಗುವ ಯಾರಿಗಾದರೂ, ವೆರ್ನಾಳಿಂದ: ನಾಯಿಗಳನ್ನು ಶನಿವಾರ ರೇ ಒಯ್ಯುತ್ತಾನೆ. ಅಷ್ಟರೊಳಗೆ ಒಂದು ಹೊತ್ತು ಮೀನು ಹಾಕಿದರೆ ಉಪಕಾರ."

ಹೊರಗೆ ನಾಯಿಗಳು ಊಳಿಡುತ್ತಲೇ ಇದ್ದವು. ಎಮೆಟ್ ಎದ್ದು ಕೈಗವಸು ಹಾಕಿಕೊಂಡು, ಅವಳು ಹೇಳಿದ ಕೆಲಸ ಮಾಡಲು ಹೋದ.